ಲ-ಒತ್ತು

ಜಮಖಂಡಿ ಕೋರ್ಟಿನ ಹಿಂಬಾಗಿಲಿಂದ
ಕಸ್ತೂರಿ ಪೊಲೀಸಮ್ಮ ಆಕೆಯನ್ನು ಕರೆತಂದಳು.
ಹೆಸರು ಬರೆಯುವಂತಿಲ್ಲ. ಕಾಗದದಲ್ಲಿ ಆಕೆ
ಅ.ಸಾ. ಒಂದು.
ಕದ ಹಾಕಿದ್ದಾಯಿತು. ಪರದೆಯ ಆಚೆ ಆತ.
ಎಲ್ಲ ಸೇರಿ ಏಳು ಜನ, ಒಂದು ಫ್ಯಾನು.

ಸರ್ಕಾರಿ ವಕೀಲೆ ನಾನು. ರುಜುವಾತು ಮಾಡಬೇಕಾದದ್ದು:
ನಡೆದದ್ದು ನಡೆದಿದೆ ಎಂದು,
ಮಾಡಿದವನು ಇವನೇ ಎಂದು.
ಇವೆರಡಕ್ಕೆ ಡಾಕ್ಟರ್ ಇನಾಮದಾರ ಬಂದು ಹೇಳಿಹೋದರು,
ಬೆಳಗಾವಿ ಲ್ಯಾಬಿನಿಂದ ಅರಗಿನ ಮುದ್ರೆಯ ಲಕೋಟೆ ಬಂತು.
ಮೂರನೆಯದಕ್ಕೆ ಲಕೋಟೆ ಇಲ್ಲ.
ಸೀರೆಗೆ, ಎಣ್ಣೆ ಹತ್ತಿದ ಗೋಣಿತಟ್ಟಿಗೆ
ನಂಬರು ಅಂಟಿಸಿ ಮೇಜಿನ ಮೇಲಿಡಬಹುದು.
ಇರದ ಒಪ್ಪಿಗೆಗೆ ಎಲ್ಲಿ ಅಂಟಿಸಲಿ ಚೀಟಿ?

ರಬಕವಿಯ ಮಗ್ಗದ ಶೆಡ್ಡು, ಎರಡನೇ ಪಾಳಿ.
ಈಕೆ ಕಂಡಿಕೆ ಸುತ್ತುವವಳು. ಆತ ಜಾಬರ್,
ಮಗ್ಗ ಕೆಟ್ಟರೂ ಆತ, ಪಗಾರ ಬರೆಯುವುದೂ ಆತ.

ನಾಡಗೌಡ ವಕೀಲರು ಕನ್ನಡಕ ಒರೆಸುತ್ತ:
"ಮೈಮ್ಯಾಲ ಒಂದ ತರಚ ಗಾಯ ಸುದ್ದಾ ಇಲ್ಲಲ್ಲವಾ?"
ಎದ್ದೆ. ಬಡಿದಾಡದೆ ಇದ್ದದ್ದು ಒಪ್ಪಿದ್ದಲ್ಲ,
ಕಾನೂನೇ ಹೇಳಿದೆ, ಸ್ವಾಮಿ.
"ಈ ಮೊದಲ ಯಾರ ಜೋಡಿ—"
ಮತ್ತೆ ಎದ್ದೆ. ಆ ಪ್ರಶ್ನೆಗೆ ಇಲ್ಲಿ ಜಾಗವಿಲ್ಲ.
ಎದ್ದು ಎದ್ದು ಮೊಣಕಾಲು ನೋಯುತ್ತದೆ ನನಗೆ.
"ಹನ್ನೊಂದ ದಿನ ತಡ ಯಾಕ?"
"ಪಗಾರ ಆಗೂದಿತ್ರೀ."
"ಚೀರಿದ್ದರ ಅಷ್ಟ ಮಂದ್ಯಾಗ ಒಬ್ಬರಿಗೂ ಕೇಳಲಿಲ್ಲೇನು?"

ಆಕೆ ಮೊದಲ ಸಲ ತಲೆ ಎತ್ತಿದಳು.
"ನಲವತ್ತ ಮಗ್ಗ ಓಡತಿದ್ದೂರಿ.
ಅಲ್ಲಿ ಯಾರ ಮಾತೂ ಯಾರಿಗೂ ಕೇಳೂದಿಲ್ಲ.
ತುಟಿ ನೋಡಿ ತಿಳಕೋತೀವಿ ನಾವು,
ನೀರು, ನೂಲು, ಊಟಕ್ಕ ಹೊಂಟೆ, ಕೂಸು ಅಳತೈತಿ.
ಅಂವಾ ಇಪ್ಪತ್ತ ವರ್ಷ ಅಲ್ಲೇ ದುಡದಾನ.
ನನ್ನ ತುಟಿ ಅಂವಗ ಓದಾಕ ಬರತೈತಿ."

ಏನಂದಿರಿ ಆಗ? ಕೇಳಿದರು ನ್ಯಾಯಾಧೀಶರು.

ಅಂದಳು. ದನಿಯಿಲ್ಲ, ತುಟಿ ಅಷ್ಟೇ.

ನ್ಯಾಯಾಧೀಶರಿಗೆ, ನನಗೆ, ಬಾಗಿಲ ಬಳಿಯ ಕಸ್ತೂರಿಗೆ,
ಫೈಲಿನೊಳಗೆ ಮುಖ ಇಳಿಸಿದ ನಾಡಗೌಡರಿಗೂ
ಓದಲು ಬಂತು.
"ಬರೆದುಕೊಳ್ಳಿ," ಎಂದರು.

ಬಸ್ಸಿನಲ್ಲಿ ಅದೇ ಯೋಚನೆ:
ಒಲಿದರೆ ಒಲವು. ಅದೇ ಬೇರಿನಿಂದಲೇ
ನಮ್ಮ ಕಡೆ ಹೆಂಗಸರು ಬೇಡವನ್ನೂ ಕಿತ್ತು ತರುತ್ತಾರೆ.
ಎರಡನೇ ಕಪ್ಪು ಚಹಾಕ್ಕೂ ಅದೇ ಮಾತು,
ನೋಡಲು ಬಂದ ಗಂಡಿಗೂ ಅದೇ.

ನಾಲ್ಕು ದಿನಕ್ಕೆ ನಕಲು ಕೈಗೆ ಬಂತು.
ಆರನೇ ಪುಟ, ಕೆಳಗಿನಿಂದ ಮೂರನೇ ಸಾಲು:
"ಸಾಕ್ಷಿದಾರರು ತುಟಿ ಆಡಿಸಿ 'ಒಲೆ' ಎಂದರು."

ಬಾಬಾಜಾನ ಕೆಟ್ಟವನಲ್ಲ,
ಅವತ್ತು ಬೆಳಿಗ್ಗೆಯಿಂದ ಆರು ಕೇಸು ಬಡಿದಿದ್ದ.
ಒಲೆ ಎಂದರೆ ಒಲೆ. ಅನ್ನ ಬೇಯಿಸುವುದು.
ಇಷ್ಟು ವರ್ಷ ಆಕೆ ಉರಿಸಿದ್ದೂ ಅದನ್ನೇ ಇರಬಹುದು.

ನಾಳೆ ತಿದ್ದುಪಡಿಗೆ ಅರ್ಜಿ ಹಾಕಬೇಕು.
ಹತ್ತು ರೂಪಾಯಿ ಸ್ಟಾಂಪು, ಎರಡು ಪ್ರತಿ.
ಬಿಟ್ಟುಹೋದದ್ದು ಒಂದು ಒತ್ತು, ಮಹಾಸ್ವಾಮಿ,
ಲ-ದ ಕಾಲ ಬುಡದಲ್ಲಿ,
ಅಕ್ಕಿಕಾಳಿಗಿಂತ ಸಣ್ಣದು.