ಎಡಗೈ ತಾನೆ

ಜಾರಿದ್ದು ಒಂದೇ ಮೆಟ್ಟಿಲು, ತಲಿಮ್ಯಾಲೆ ಬಟ್ಟೆ ಬಂಡಲ್ಲು.
ಬೆಳಕಿನ ಡಬ್ಬಿಗೆ ನನ್ನ ಕೈ ನೇತುಹಾಕಿ
ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸಿದಳು:
ಇಲ್ಲಿ ಮುರಿದಿದೆ, ಇಲ್ಲಿ ಹಿಂದಕ್ಕೆ ವಾಲಿದೆ,
ಇಲ್ಲೊಂದು ಚೂರು ಕೀಲಿನೊಳಗೆ.
ಎರಡು ದಾರಿ, ಪೀರಮ್ಮ.
ಎಳೆದು ಕೂಡಿಸಿ ಆರು ವಾರ ಸಿಮೆಂಟು ಪಟ್ಟಿ.
ಇಲ್ಲಾ ಕೊಯ್ದು ಪ್ಲೇಟಿಟ್ಟು ಏಳು ಸ್ಕ್ರೂ.
ಪಟ್ಟಿಯಲ್ಲೂ ಕೂಡೀತು, ಸ್ವಲ್ಪ ಸೊಟ್ಟ ಉಳಿದೀತು.
ಎಡಗೈ ತಾನೆ, ನಡೆಯುತ್ತೆ.

ಎಡಗೈ ತಾನೆ!
ಕೌಲ್ ಬಜಾರಿನ ನಮ್ಮ ಶೆಡ್ಡಿಗೆ ಬಂದು ನೋಡಬೇಕು ಆಕಿ.
ಬಲಗೈ ಬಟ್ಟೆ ಮುಂದಕ್ಕ ದಬ್ಬತೈತಿ, ಅಷ್ಟ.
ಜೇಬಿನ ಮೂಲಿ ಬಂದಾಗ
ಸೂಜಿ ಬಟ್ಟೆಯೊಳಗ ನಿಂತಿರತೈತಿ,
ಎಡ ಮಣಿಕಟ್ಟು ಹಿಂಗ, ಇಷ್ಟೇ ಇಷ್ಟು, ಹೊಳ್ಳತೈತಿ.
ದಿನಕ್ಕ ನಾಕನೂರು ಜೇಬು, ಜೇಬಿಗೆ ಐದು ಮೂಲಿ.
ಇದ್ಯಾವುದೂ ಹೇಳಲಿಲ್ಲ ನಾ.
ಹಲ್ಲು ಕಚ್ಚಿ ಕುಂತಿದ್ದೆ.

ಅರ್ಧ ಪಟ್ಟಿ ಕಟ್ಟಿ, ಎರಡು ದಿನ ವಿಚಾರ ಮಾಡ್ರಿ ಅಂತ ಕಳಿಸಿದರು.
ನರ್ಸು ಬಾಗಿಲ ತನಕ ಬಂದಳು:
ಬೆರಳು ನೀಲಿ ಆದ್ರ ಓಡಿ ಬರ್ರಿ.
ಬೆರಳು ತೋರಿಸಿದೆ.
ಇಪ್ಪತ್ತಾರು ವರ್ಷದಿಂದ ನೀಲಿ ಅವ್ವಾ ಇವು,
ಜೀನ್ಸಿನ ಬಣ್ಣ, ಯಾವ ಸಬಕಾರಕ್ಕೂ ಹೋಗೂದಿಲ್ಲ.
ಉಗುರು ಒತ್ತಿ ಒತ್ತಿ ನೋಡಿದಳು, ನಂಬಿಕಿ ಬರಲಿಲ್ಲ ಆಕಿಗೆ.

ಮನಿಗೆ ಬಂದರ ಎಲ್ಲರೂ ಎಲುಬಿನ ಡಾಕ್ಟರೇ.
ತಂಗಿ ಮಾರೆಕ್ಕ: ಕುರುಗೋಡು ಕಡೆ ಒಬ್ಬಾತ ಅದಾನ,
ಮೊಟ್ಟೆ ಬಿಳಿ, ಬಿದಿರು ದಬ್ಬೆ, ಮೂರು ಕಟ್ಟಿಗೆ ಕೈ ಸಾಫ್.
ಆಕಿ ಗಂಡನ ಮೊಣಕೈ ಆತನೇ ಕಟ್ಟಿದ್ದು;
ಇವತ್ತಿಗೂ ಉಣ್ಣೂವಾಗ
ಬಾಯೇ ಕೈಯತ್ರ ಹೋಗ್ತೈತಿ.
ಮಾಲಕರ ಫೋನು: ಆರಾಮ ತಗೋಳಮ್ಮ,
ದೀಪಾವಳಿ ಆರ್ಡರ್ ಐತಿ, ಯಾವಾಗ ಬರ್ತಿ?
ಕಾರ್ಡಿಗೆ ಅರ್ಧ ಕೂಡ್ತೈತಿ, ಉಳಿದರ್ಧಕ್ಕ ಕಿವಿಯಾಗಿನ ಜುಮುಕಿ ಅದಾವು.
ಜರೀನಾ ನನ್ನ ಮಿಷಿನ್ನಿಗೆ ಬಟ್ಟೆ ಹೊದಿಸಿ
ಯಾರೂ ಕೂಡಬಾರದಂತ ಸ್ಟೂಲಿನ ಮ್ಯಾಲೆ ಬಂಡಲ್ಲು ಇಟ್ಟಾಳಂತ.
ಅದೊಂದು ಕೇಳಿದಾಗ ಕಣ್ಣಾಗ ನೀರು ಬಂತು.

ರಾತ್ರಿ ನಿದ್ದಿ ಇಲ್ಲ.
ಕೈ ದಿಂಬಿನ ಮ್ಯಾಲೆ, ಬ್ಯಾರೆಯವರ ಕೂಸಿನಂಗ.
ನನಗ ಗೊತ್ತಿರೋದು ಬಟ್ಟೆ ಒಂದೇ, ಅದರ ದಾರಿ ಹಿಡಿದೆ.
ಭಾರ ಬೀಳೂ ಮೂಲಿಗೆ ದಾರ ಸಾಲೂದಿಲ್ಲ,
ರಿವೆಟ್ಟು ಹೊಡೀತೀವಿ, ತಾಮ್ರದ್ದು.
ಆದರ ಸವೆದ ಬಟ್ಟೆಗೆ ಹೊಡದರ
ಬಟ್ಟೆ ಹರಿದು ರಿವೆಟ್ಟು ಗಟ್ಟಿ ಉಳೀತೈತಿ.
ನನ್ನ ಎಲುಬು ಈಗ ಯಾವ ಬಟ್ಟೆ?
ಮುಟ್ಟು ನಿಂತು ಆರು ವರ್ಷ ಆದ ಬಟ್ಟೆ.
ಮ್ಯಾಲೆ, ಮೈಯಾಗ ಕಬ್ಬಿಣ ಇಟ್ಗೊಂಡು ಮಲಗೂದು ಹೆಂಗ,
ಚಳಿಗೆ ತಣ್ಣಗ ಆಗ್ತೈತೇನು,
ಮಣ್ಣಾಗ ನಾ ಕರಗಿದ ಮ್ಯಾಲೂ
ಏಳು ಸ್ಕ್ರೂ ಹಂಗ ಬಿದ್ದಿರ್ತಾವೇನು?

ಮೂರನೇ ದಿನ ಕೇಳೇಬಿಟ್ಟೆ.
ಕಬ್ಬಿಣ ಅಲ್ಲ, ಟೈಟಾನಿಯಂ ಅಂದಳು ಡಾಕ್ಟರಮ್ಮ.
ಎಲುಬು ತಡೆಯುತ್ತೆ. ಆದರೆ ಮಣಿಕಟ್ಟು ಪೂರ್ತಿ ಹೊರಳುತ್ತೆ ಅಂತ
ಎರಡರಲ್ಲಿ ಯಾವುದಕ್ಕೂ ಬರೆದು ಕೊಡಲಾರೆ.
ಆಮ್ಯಾಲೆ ಫಿಲ್ಮಿಗೆ ಮೂಗು ಹಚ್ಚಿ:
ತೋರುಬೆರಳಲ್ಲಿ ಇದೇನು?
ಅಕ್ಕಿ ನುಚ್ಚಿನಷ್ಟು ಬೆಳ್ಳನೆ ಗೆರಿ.
ನೆನಪಾತು. ಶೆಡ್ಡಿಗೆ ಸೇರಿದ ವರ್ಷ ಸೂಜಿ ಮುರಿದಿತ್ತು.
ಅರ್ಧ ಸಿಕ್ಕಿತ್ತು, ಉಳಿದರ್ಧ ಯಾರೂ ಹುಡುಕಲಿಲ್ಲ,
ಅರಿಶಿಣ ಒತ್ತಿ ಮಧ್ಯಾಹ್ನದ ಪಾಳಿ ಮುಗಿಸಿದ್ದೆ.
ಇಷ್ಟು ವರ್ಷ ನನ್ನ ಜೊತಿ ಉಂಡು ಮಲಗೇತಿ,
ಇರಲೇನು ಅಂತ ಒಂದು ಮಾತು ಕೇಳಿಲ್ಲ.

ಕೊಯ್ಯಿರಿ ಅಂದೆ.
ಹಾಗೇ ಇದನ್ನೂ ತೆಗೆದುಬಿಡಲಾ?
ಬ್ಯಾಡ. ಅದು ಇರಲಿ.

ಮರುದಿನ ಮುಂಜಾನೆ ನರ್ಸು ನೀಲಿ ಪೆನ್ನು ಹಿಡಿದು
ಮೊಣಕೈ ಕೆಳಗ 'ಎಡ' ಅಂತ ಬರೆದು ಬಾಣದ ಗೆರಿ ಎಳದಳು,
ಕತ್ತರಿ ಹಾಕೂ ಮುಂಚೆ ನಾವು ಸೀಮೆಸುಣ್ಣ ಎಳದಂಗ.
ಗೆರಿ ಸ್ವಲ್ಪ ಸೊಟ್ಟ ಐತಿ ಅಂದೆ.
ಆಕಿ ನಕ್ಕಳು.
ನಾ ಚ್ಯಾಷ್ಟಿಗೆ ಹೇಳಿರಲಿಲ್ಲ.