ನೇರನೋಟ

ಕಾಲ್‌ಶೀಟಿನಲ್ಲಿ ನನ್ನ ಹೆಸರು ರೆಜಿನಾ.
ಸೆಟ್ಟಿನಲ್ಲಿ ಮಾತ್ರ ‘ಏ ಸಿಗ್ನಲ್!’
ಇದ್ದಾಗ ಯಾರೂ ಕರೆಯುವುದಿಲ್ಲ,
ಹೋದರೆ ಎಲ್ಲರ ಬಾಯಲ್ಲೂ ನಾನೇ.

ಮಾಲ್ದಾರೆಯ ತೋಟ. ಹೂಮಳೆ ಬಿದ್ದು ಒಂಬತ್ತನೆಯ ಬೆಳಗು.
ಇಡೀ ಇಳಿಜಾರು ಬೆಳ್ಳಗೆ ಅರಳಿ ತಲೆನೋವು ಬರುವಷ್ಟು ಪರಿಮಳ.
ನಾಳೆಗೆ ಇದೆಲ್ಲ ಕಂದು, ಇವತ್ತೇ ಮುಗಿಯಬೇಕು
ಎಂದು ಮ್ಯಾನೇಜರು ನಾಲ್ಕು ಗಂಟೆಗೇ ಬಾಗಿಲು ಬಡಿದಿದ್ದ.
ಕ್ಯಾಮೆರಾ ಕೆಳಗೆ ತೋಡಿನ ಬಳಿ, ಪೂಣಚ್ಚನ ಹೆಗಲ ಮೇಲೆ.
ನಿರ್ದೇಶಕರು ಮೇಲೆ, ಟಾರ್ಪಾಲಿನ ಅಡಿಯಲ್ಲಿ, ಮಾನಿಟರಿಗೆ ಮೂಗು ತಾಗಿಸಿ.
ನಡುವೆ ನಾನೂರು ಅಡಿ ಗಾಳಿ.
ಆ ಗಾಳಿಯಷ್ಟೇ ನನ್ನ ಇಲಾಖೆ.

ಅದು ಖಾಲಿ ಎಂದುಕೊಂಡವರು ತೋಟದೊಳಗೆ ಚಿತ್ರ ಹಾರಿಸಿದವರಲ್ಲ.
ಒಂದೊಂದು ಎಲೆಯೂ ಗುಟುಕು ನೀರು ಹಿಡಿದು ನಿಂತಿದೆ;
ಹೊರಟದ್ದು ಇಡಿಯಾಗಿ, ತಲುಪಿದ್ದು ಚೂರುಚೂರು:
ನಾಯಕಿಯ ಹಣೆ ಎಡಕ್ಕೆ, ಗಲ್ಲ ಎಲ್ಲೋ,
ಆಮೇಲೆ ಬರೀ ನೀಲಿ.
ಚಾನೆಲ್ ಬದಲಿಸಿದೆ. ಆಂಟೆನಾ ತಿರುಗಿಸಿದೆ.
ಕೇಬಲ್ ಎಳೆಯೋಣವೇ ಎಂದೆ.
‘ಅವಳು ಓಡ್ತಾಳಲ್ಲಮ್ಮ’ ಎಂದರು.

ಟೀ ಹಂಚುತ್ತಿದ್ದ ತೋಲ ನಿಂತು ನೋಡಿದ.
‘ಆ ಡಬ್ಬಿಗೆ ಏನು ಬೇಕು?’
‘ಈ ಡಬ್ಬಿಗೆ ಆ ಡಬ್ಬಿ ಕಾಣಬೇಕು.’
‘ಅಷ್ಟೇನಾ!’
ನಕ್ಕ. ತಟ್ಟೆ ಕೆಳಗಿಟ್ಟು ನಡೆದೇಬಿಟ್ಟ.

ಹಲಸಿನ ಮರದಲ್ಲಿ ಅವನ ಅಟ್ಟಣೆ,
ಹತ್ತು ವರ್ಷ ರಾತ್ರಿ ಆನೆ ಕಾದ ಜಾಗ.
ಅಲ್ಲಿಂದ ಸಿಲ್ವರ್ ಓಕುಗಳ ನಡುವೆ ಒಂದು ಸಂದು,
ಅಂಗೈ ಅಗಲ, ನೇರ ತೋಡಿನವರೆಗೆ, ಅದರಾಚೆಯ ಲೈನ್ ಮನೆವರೆಗೆ.
‘ಆನೆ ಬಂದರೆ ನಾನು ಟಾರ್ಚ್ ಎರಡು ಸಲ.
ಕಂಡಿತು ಅನ್ನಲಿಕ್ಕೆ ನನ್ನ ಕರ್ಪಿ ಒಂದು ಸಲ.
ಈ ಸಂದು ಮುಚ್ಚೀತು ಅಂತ ಗೆಲ್ಲು ಸವರ್ತಾ ಇರ್ತೇನೆ, ವರ್ಷಾ ವರ್ಷಾ.’

ಆಂಟೆನಾ ಕಟ್ಟಿದೆ. ಚಿತ್ರ ಬಂತು,
ಹೂವಿನ ಮೇಲಿನ ಜೇನುನೊಣದ ಸಮೇತ.
ಕೆಳಗೆ ಟಾರ್ಪಾಲಿನಲ್ಲಿ ಚಪ್ಪಾಳೆ, ‘ಆಕ್ಷನ್’,
ನಾಯಕಿ ಓಡಿದಳು, ನಿಂತಳು, ತಿರುಗಿದಳು,
ಕಣ್ಣೀರು ಸರಿಯಾದ ಕಣ್ಣಿನಿಂದಲೇ ಇಳಿಯಿತು.
ಎಲ್ಲರೂ ಅವಳ ಮುಖ ನೋಡುತ್ತಿದ್ದೆವು.

ತೋಲ ನೋಡುತ್ತಿದ್ದುದು ಬಲಮೂಲೆ.
ಫೋಕಸ್ ಇಲ್ಲದ ಕಡೆ, ಬೂದು ಕಾಂಡಗಳ ಸಾಲಿನಲ್ಲಿ
ಒಂದು ಕಾಂಡ ಕಿವಿ ಬೀಸಿತು.

ವಾಕಿ ಬಾಯಿಗೆ ಹಿಡಿದೆ. ಅವನು ಕೈ ತಡೆದ:
‘ಶಬ್ದ ಬೇಡ. ಮರಿ ಉಂಟು.’
ಸೊಂಟದಿಂದ ಟಾರ್ಚ್ ತೆಗೆದು
ಆ ಅಂಗೈ ಅಗಲದ ಸಂದಿನಲ್ಲಿ
ಎರಡು ಸಲ.

ನನ್ನ ಪರದೆಗೆ ಎಲ್ಲವೂ ಎರಡು ಫ್ರೇಮ್ ತಡ.
ಹಾಗಾಗಿ ನಾನು ಕಂಡದ್ದು ಆಗಲೇ ಆಗಿಹೋದದ್ದು:
ಹಿನ್ನೆಲೆಗೆಂದು ಮೆಣಸು ಕೊಯ್ಯುತ್ತಿದ್ದ ಹೆಂಗಸರಲ್ಲಿ ಒಬ್ಬಳು
ತಲೆಯೆತ್ತಿದಳು, ಏಣಿಯಿಂದ ಇಳಿದಳು,
ಅಳುತ್ತಿದ್ದ ನಾಯಕಿಯ ರಟ್ಟೆ ಹಿಡಿದು
ಸಂತೆಯಲ್ಲಿ ಮಗುವನ್ನು ಎಳೆದೊಯ್ಯುವಂತೆ ಎಳೆದೊಯ್ದಳು.
ಉಳಿದವರು ಬುಟ್ಟಿ ಬಿಟ್ಟು ಹಿಂದೆ.
ಪೂಣಚ್ಚ ಒಬ್ಬನೇ, ಯಾರೂ ಕಟ್ ಹೇಳಲಿಲ್ಲವೆಂದು,
ರೋಲ್ ಮಾಡುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟ.

ಖಾಲಿ ಫ್ರೇಮು. ಬಿಳಿ ಹೂವು. ಏಣಿ.
ಆಮೇಲೆ ಅವು ಬಂದವು, ಮೂರು ದೊಡ್ಡವು, ಒಂದು ಚಿಕ್ಕದು,
ಬುಟ್ಟಿ ಮೂಸಿದವು, ಖಾರಕ್ಕೆ ಸೊಂಡಿಲು ಕೊಡವಿದವು, ಹೋದವು.
ಟಾರ್ಪಾಲಿನ ಕೆಳಗಿನಿಂದ ಮ್ಯಾನೇಜರ ದನಿ:
‘ಆ ಹೆಂಗಸಿಗೆ ಯಾರು ಹೇಳಿದ್ದು ಫ್ರೇಮಿಗೆ ಬರಲು?’

ವರದಿಯಲ್ಲಿ ಒಂದು ಕಾಲಂ ಇದೆ, ಅಡಚಣೆ, ಕಾರಣ.
‘ಆನೆ’ ಎಂದು ಬರೆದೆ.
ತೋಲನಿಗೆ ಟೀ ಹುಡುಗನ ಭತ್ಯೆ ಕೊಟ್ಟರು, ಮುನ್ನೂರು.
ಜಗಳವಾಡಿದೆ; ಐನೂರಾಯಿತು.

ಸಂಜೆ ಪೆಟ್ಟಿಗೆಗೆ ತುಂಬುವಾಗ ಕೇಳಿದ,
‘ಇದಕ್ಕೆ ಕತ್ತಲಲ್ಲಿ ಕಾಣ್ತದಾ?’
‘ಲೈಟ್ ಹಾಕಿದರೆ ಕಾಣುತ್ತದೆ.’
‘ಹಾಗಾದರೆ ನಮಗೆ ಆಗ್ಲಿಕ್ಕಿಲ್ಲ’ ಎಂದು
ತಟ್ಟೆ, ಲೋಟ ಎಣಿಸತೊಡಗಿದ.

ರಾತ್ರಿ ಹೋಂಸ್ಟೇಯ ಮೆಟ್ಟಿಲಲ್ಲಿ ಬ್ಯಾಟರಿ ಚಾರ್ಜಿಗಿಟ್ಟು ಕೂತಿದ್ದೆ.
ದೂರದ ಇಳಿಜಾರಿನಲ್ಲಿ ಒಂದು ಬೆಳಕು, ಎರಡು ಸಲ.
ಕಾದೆ.
ಬಹಳ ಹೊತ್ತು ಏನೂ ಇಲ್ಲ.
ಅಷ್ಟು ತಡ ನನ್ನ ಯಾವ ಡಬ್ಬಿಯೂ ಮಾಡಿದ್ದಿಲ್ಲ.
ಎದ್ದು ನಿಂತೆ, ಯಾಕೋ ಅಂಗಳದ ದೀಪ ಆರಿಸಿದೆ.
ಆಮೇಲೆ, ಕೆಳಗೆ, ಒಂದು ಸಲ.