ಎಂಟು ಸ್ಕ್ರೂ

ಕುಲಶೇಖರದಲ್ಲಿ ಒಂದು ಮಾಡಿಗೆ ರೀಪು ಹೊಡೆಯುತ್ತಿದ್ದೆ.
ಪಾಚಿ ಹಿಡಿದ ಹಂಚು. ಮತ್ತೆ ನೆನಪಿರುವುದು
ಅಂಗಳದ ಸೆಗಣಿ ವಾಸನೆ, ಯಾರೋ
‘ಎತ್ತಬೇಡಿ, ಬಾಗಿಲು ಕಳಚಿ ತನ್ನಿ’ ಎಂದದ್ದು.
ನಾನೇ ಕೂರಿಸಿದ ಬಾಗಿಲು, ಹಲಸಿನದ್ದು.
ಅದರ ಮೇಲೆಯೇ ಕಂಕನಾಡಿಗೆ ಬಂದೆ.

ಡಾಕ್ಟರು ಬೆಳಕಿಗೆ ಫಿಲ್ಮು ಹಿಡಿದರು:
ಸೊಂಟದ ಮೇಲಿನ ಮಣಿಯೊಂದು
ರಸ್ಕಿನ ಹಾಗೆ ಪುಡಿ.
ಎಂಟು ಸ್ಕ್ರೂ, ಎರಡು ಸರಳು, ಎಂದರು.
‘ಮೊದಲು ತೂತು ಕೊರೆಯುತ್ತೀರಲ್ಲ?
ಇಲ್ಲದಿದ್ದರೆ ಸೀಳುತ್ತದೆ.’
ಅವರು ನಗಲಿಲ್ಲ. ‘ಕೊರೆಯುತ್ತೇವೆ ಆಚಾರ್ರೇ,
ಕಡ್ಡಿ ಇಳಿಸಿ ಒಳಗಿನ ಗೋಡೆ ಮುಟ್ಟಿ ನೋಡುತ್ತೇವೆ.’
ಧೈರ್ಯ ಬಂತು. ಕೆಲಸ ಗೊತ್ತಿರುವವರು.

ಹನ್ನೊಂದನೆಯ ದಿನ
ಫಿಸಿಯೋದ ಪ್ರಿಸಿಲ್ಲಾ ಬೆಲ್ಟು ಬಿಗಿದು ನಿಲ್ಲಿಸಿದಳು.
ಎಡಗಾಲು ನನ್ನದು.
ಬಲಗಾಲು ಬಾಡಿಗೆಗೆ ತಂದದ್ದು.
‘ಹೆಬ್ಬೆರಳು ಮಡಚಿ’ ಎನ್ನುತ್ತಾಳೆ, ದಿನಾ.
ನಾನೂ ಹೇಳುತ್ತೇನೆ. ಬೆರಳಿಗೆ ಕೇಳುವುದಿಲ್ಲ.

ವಾರಿಜ ಗಂಜಿ ತಂದಾಗ ವಿಚಾರಿಸಿದೆ: ಆ ಬಾಗಿಲು?
‘ವಾಪಸು ಇಟ್ಟಿದ್ದಾರೆ. ಕೆಳಗೆ ಸ್ವಲ್ಪ ಉಜ್ಜುತ್ತದಂತೆ.’
ಛೇ! ತಿಜಾಗರಿ ಅರ್ಧ ನೂಲು ಎತ್ತಿದರೆ ಆಯ್ತು,
ಕಾಲಲ್ಲಿ ಬಾಗಿಲನ್ನು ಹೀಗೆ ಒತ್ತಿ ಹಿಡಿದು,

ಹೊದಿಕೆಯ ತುದಿಯಲ್ಲಿ ಎಂಥದೋ ಅಲ್ಲಾಡಿತು.
ಚಮಚ ಹಿಡಿದ ವಾರಿಜಳ ಕೈ ಅಲ್ಲೇ ನಿಂತಿತು.

ವಾರ್ಡಿನ ಬೆಕ್ಕು ಇರಬೇಕು, ಅಂದೆ.